ಖಾಯಂ ಶಿಬಿರಾರ್ಥಿ

ಶಿವಮೊಗ್ಗದಲ್ಲಿ ಸಾಹಿತ್ಯದ ಕಮ್ಮಟ, ಶಿಬಿರ, ಸಮ್ಮೇಳನ ಏನೇ ಇರಲಿ, ಆಹ್ವಾನ ಪತ್ರಿಕೆಯಲ್ಲಿ ಬೆಳಿಗ್ಗೆ ಒಂಬತ್ತೂವರೆ ಎಂದು ಅಚ್ಚಾಗಿದ್ದರೆ ಅದು ಹತ್ತೂವರೆ ಎಂದು ಸಂಘಟಕರಿಗೆ ಗೊತ್ತು, ಹನ್ನೊಂದು ಎಂದು ಊರಿಗೆ ಗೊತ್ತು, ಹನ್ನೊಂದೂವರೆ ಎಂದು ಉದ್ಘಾಟಕರಿಗೆ ಗೊತ್ತು. ಒಂಬತ್ತೂವರೆ ಎಂದರೆ ಒಂಬತ್ತೂವರೆಯೇ ಎಂದು ನಂಬಿಕೊಂಡು ಬರುವ ಜೀವ ಒಂದೇ. ಭದ್ರಾವತಿಯಿಂದ ಪ್ರೈವೇಟ್ ಬಸ್ಸು ಹತ್ತಿ ಬಂದು, ಬ್ಯಾನರ್ ಕಟ್ಟುತ್ತಿರುವ ಹುಡುಗನಿಗೆ “ಎಡಗಡೆ ಒಂಚೂರು ಇಳಿಸಪ್ಪಾ, ಅಧ್ಯಕ್ಷರ ಮುಖ ಸೊಟ್ಟ ಕಾಣ್ತಿದೆ” ಎಂದು ಹೇಳುತ್ತಾ, ಉಪ್ಪಿಟ್ಟಿನ ಪಾತ್ರೆ ಬರುವ ದಾರಿ ನೋಡುತ್ತಾ ಅವರು ಬಾಗಿಲಲ್ಲಿ ನಿಂತಿರುತ್ತಾರೆ. ನೋಂದಣಿ ಪುಸ್ತಕದಲ್ಲಿ ಕ್ರಮಸಂಖ್ಯೆ 1 ಅವರದ್ದೇ. ಎರಡನೆಯವರು ಬರುವವರೆಗೆ ನೋಂದಣಿ ಮೇಜನ್ನು ಕಾಯುವವರೂ ಅವರೇ.

ಹೆಸರು ಬೇಡ. ಇಂಥವರು ಒಬ್ಬರೇ ಆಗಿದ್ದರೆ ಹಾಕಬಹುದಿತ್ತು, ಆದರೆ ನಮ್ಮ ಜಿಲ್ಲೆಯಲ್ಲಿ ತಾಲ್ಲೂಕಿಗೊಂದು ಮಾದರಿ ಇದೆ. ತೀರ್ಥಹಳ್ಳಿಯವರು ಏನು ಕೇಳಬೇಕಾದರೂ ಕುವೆಂಪು ಅವರ ಕುಪ್ಪಳಿಯಿಂದ ಹೊರಟು ಅನಂತಮೂರ್ತಿಯವರ ಮೇಳಿಗೆಯ ಮೇಲೆ ಹಾದು ಬರುತ್ತಾರೆ. ಪ್ರಶ್ನೆ ತಲುಪುವ ಹೊತ್ತಿಗೆ ಊಟದ ಹೊತ್ತಾಗಿರುತ್ತದೆ. ಸಾಗರದವರು ಹೆಗ್ಗೋಡಿನ ಸಂಸ್ಕೃತಿ ಶಿಬಿರಗಳಲ್ಲಿ ಪಳಗಿದವರು. ಅವರು ಪ್ರಶ್ನೆ ಕೇಳುವುದಿಲ್ಲ, ಬೇರೆಯವರು ಕೇಳಿದ ಪ್ರಶ್ನೆ ಸರಿಯಿದೆಯೇ ಎಂದು ವಿಚಾರಿಸುತ್ತಾರೆ. ಶಿವಮೊಗ್ಗ ಪೇಟೆಯವರಿಗೆ ದುರ್ಗಿಗುಡಿಯಲ್ಲೋ ರವೀಂದ್ರನಗರದಲ್ಲೋ ಮನೆ, ಒಂದು ಗಂಟೆಗೆ ಬಿಸಿ ಅನ್ನ. ಮಧ್ಯಾಹ್ನದ ಗೋಷ್ಠಿ ಎಂಬುದೊಂದು ಇದೆಯೆಂದು ಅವರು ಪೇಪರಿನಲ್ಲಿ ಓದಿ ತಿಳಿಯುತ್ತಾರೆ. ಭದ್ರಾವತಿಯವರು ಮಾತ್ರ ಕೂರುತ್ತಾರೆ. ಉದ್ಘಾಟನೆಯಿಂದ ವಂದನಾರ್ಪಣೆಯವರೆಗೆ, ಕವಿಗೋಷ್ಠಿಯ ಕೊನೆಯ ಕವಿ ತನ್ನ ಎರಡನೆಯ ಕವನ ತೆಗೆಯುವವರೆಗೆ ಕೂರುತ್ತಾರೆ. ಮೂರು ಶಿಫ್ಟಿನಲ್ಲಿ ದುಡಿದ ಮೈಗೆ ಮೂರು ಗೋಷ್ಠಿ ಯಾವ ಲೆಕ್ಕ?

ಇವರು ಎಂಪಿಎಂನವರು. ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ನಾಲ್ವಡಿಯವರ ಕಾಲದಲ್ಲಿ ಹುಟ್ಟಿದ್ದು. ಬಿದಿರು, ಕಬ್ಬಿನ ಸಿಪ್ಪೆ, ನೀಲಗಿರಿ, ಅಕೇಶಿಯಾ ಎಲ್ಲವನ್ನೂ ಅರೆದು ಬೇಯಿಸಿ ಅದು ಕಾಗದ ಮಾಡಿತು. ನಾವು ಓದಿದ ಪತ್ರಿಕೆ, ತಿದ್ದಿದ ನೋಟ್‌ಬುಕ್ಕು ಎಷ್ಟೋ ಅಲ್ಲಿಯದ್ದೇ. 2015ರಲ್ಲಿ ಉತ್ಪಾದನೆ ನಿಂತಿತು. ಇವರು ಫಿನಿಶಿಂಗ್ ಹೌಸಿನಲ್ಲಿದ್ದವರು. ಹಾಳೆ ಕತ್ತರಿಸಿ, ಎಣಿಸಿ, ರೀಮು ಕಟ್ಟಿಸುವುದು ಕೆಲಸ. ಸ್ವಯಂ ನಿವೃತ್ತಿ ತೆಗೆದುಕೊಂಡು ಪೇಪರ್ ಟೌನಿನ ಕ್ವಾರ್ಟರ್ಸ್ ಬಿಟ್ಟು ಹೊಸಮನೆ ಕಡೆ ಮನೆ ಮಾಡಿದರು. ನನ್ನದೊಂದು ಸಿದ್ಧಾಂತವಿದೆ: ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದವರು ವಾಕಿಂಗ್ ಹೋಗುತ್ತಾರೆ, ಕಾಗದದ ಕಾರ್ಖಾನೆಯಿಂದ ನಿವೃತ್ತರಾದವರು ಕಾದಂಬರಿ ಬರೆಯುತ್ತಾರೆ. ಜೀವಮಾನವೆಲ್ಲ ಖಾಲಿ ಹಾಳೆಯನ್ನೇ ಎಣಿಸಿದವರಿಗೆ ಒಂದಿಷ್ಟಾದರೂ ತುಂಬಿಸೋಣ ಅನ್ನಿಸಿದರೆ ತಪ್ಪೇನು?

ಸಾಹಿತ್ಯದ ನಂಟು ಅವರಿಗೆ ಹಳೆಯದು. 1943ರಲ್ಲಿ ಬೇಂದ್ರೆಯವರ ಅಧ್ಯಕ್ಷತೆಯಲ್ಲಿ ಶಿವಮೊಗ್ಗದಲ್ಲಿ ಸಮ್ಮೇಳನ ನಡೆದಾಗ ಅವರ ತಂದೆ ಸೈಕಲ್ ತುಳಿದುಕೊಂಡು ಹೋಗಿದ್ದರಂತೆ. ಬೇಂದ್ರೆ ಏನು ಹೇಳಿದರು ಎಂದು ಕೇಳಿದರೆ, ಚೈನು ಬಿದ್ದುಹೋಗಿ ಅಪ್ಪ ತಲುಪಿದಾಗ ಭಾಷಣ ಮುಗಿದಿತ್ತು ಎನ್ನುತ್ತಾರೆ. ಹರೆಯದಲ್ಲಿ ಭದ್ರಾವತಿ ಆಕಾಶವಾಣಿಯ ಯುವವಾಣಿಯಲ್ಲಿ ಇವರದ್ದೊಂದು ಕವನ ಬಂದಿತ್ತು. ಆ ದಿನ ಕರೆಂಟು ಇತ್ತೆಂಬುದಕ್ಕೆ ಇಡೀ ಕಾಲೋನಿ ಸಾಕ್ಷಿ. 2006ರಲ್ಲಿ ನಿಸಾರ್ ಅಹಮದರು ಅಧ್ಯಕ್ಷರಾಗಿದ್ದ 73ನೆಯ ಸಮ್ಮೇಳನಕ್ಕೆ ರಜೆ ಹಾಕಿ ಬಂದು, ಪ್ರತಿನಿಧಿಗಳಿಗೆ ಕೊಟ್ಟ ಚೀಲವನ್ನು ಇಂದಿಗೂ ಹೆಗಲಿಗೆ ಹಾಕಿಕೊಂಡೇ ತಿರುಗುತ್ತಾರೆ. ಜಿಪ್ಪು ಮೂರು ಸಲ ಬದಲಾಗಿದೆ. ಒಳಗೆ ಬಿಪಿ ಮಾತ್ರೆ, ನೀರಿನ ಬಾಟ್ಲಿ, ಒಂದು ಸ್ಟೀಲ್ ಸ್ಕೇಲು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಹಸ್ತಪ್ರತಿ.

ಸ್ಕೇಲು ಯಾಕೆ ಎಂದು ತಿಳಿಯಬೇಕಾದರೆ ಅವರನ್ನು ಪುಸ್ತಕ ಮಳಿಗೆಯಲ್ಲಿ ನೋಡಬೇಕು. ನೀವು ನಾವು ಪುಸ್ತಕ ಎತ್ತಿಕೊಂಡರೆ ಲೇಖಕರ ಹೆಸರು ನೋಡುತ್ತೇವೆ, ಬೆಲೆ ನೋಡುತ್ತೇವೆ, ಇಟ್ಟುಬಿಡುತ್ತೇವೆ. ಇವರು ಹೆಸರನ್ನು ನೋಡುವುದೇ ಇಲ್ಲ. ನಡುವಿನ ಒಂದು ಹಾಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜುತ್ತಾರೆ, ಕಣ್ಣು ಮುಚ್ಚುತ್ತಾರೆ. “70 ಜಿಎಸ್‌ಎಂ ಅಂತ ಹಾಕಿದಾನೆ, 60ರ ಮೇಲಿಲ್ಲ.” ಆಮೇಲೆ ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ಆಚೆ ಪುಟದ ಅಕ್ಷರ ಈಚೆ ಎಷ್ಟು ಕಾಣುತ್ತದೆ ಎಂದು ಪರೀಕ್ಷೆ. ಸ್ಕೇಲು ಹೊರಗೆ ಬಂದು ಒಳಮಾರ್ಜಿನ್ ಅಳೆಯುತ್ತದೆ. ಪುಸ್ತಕವನ್ನು ಬೆನ್ನ ಮೇಲೆ ಮಲಗಿಸಿ ಕೈಬಿಡುತ್ತಾರೆ. ಅದು ಪಟ್ಟೆಂದು ಮುಚ್ಚಿಕೊಂಡರೆ ತಲೆ ಆಡಿಸುತ್ತಾರೆ: “ಗ್ರೇನ್ ಅಡ್ಡ ಹಾಕಿದಾರೆ. ಗ್ರೇನ್ ಬೆನ್ನಿಗೆ ಸಮನಾಗಿ ಓಡ್ಬೇಕು ಮೇಷ್ಟ್ರೇ, ಆಗ ಪುಸ್ತಕ ಬಾಯಿ ಬಿಟ್ಕೊಂಡು ಕೂರುತ್ತೆ.” ನಂಬದಿದ್ದರೆ ಮಳಿಗೆಯವರ ಪುಸ್ತಕಪಟ್ಟಿಯನ್ನೇ ತೆಗೆದು ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ ಹರಿದು ತೋರಿಸುತ್ತಾರೆ. ಒಂದು ಕಡೆ ಗೆರೆ ಹೊಡೆದ ಹಾಗೆ ನೇರ ಹರಿಯುತ್ತದೆ, ಇನ್ನೊಂದು ಕಡೆ ಚಿಂದಿಚಿಂದಿ. ನೇರ ಹರಿದದ್ದೇ ಗ್ರೇನು. ಇದನ್ನೆಲ್ಲ ನೋಡುತ್ತಾ ನಿಂತ ಮಳಿಗೆಯ ಹುಡುಗ, ಇವರು ಗಿರಾಕಿಯೋ ಇಲಾಖೆಯವರೋ ತಿಳಿಯದೆ, ಕುರ್ಚಿ ಕೊಟ್ಟುಬಿಡುತ್ತಾನೆ.

ಇನ್ನು ಕಾದಂಬರಿ. ಮಿಲ್ಲಿನ ಕಾರ್ಮಿಕನೊಬ್ಬನ ಕಥೆ, ಮೊದಲ ಬರವಣಿಗೆಯಲ್ಲಿ 640 ಪುಟ ಇತ್ತು. ರಿಜೆಕ್ಟ್ ಆದ ಹಾಳೆಗಳ ಮೇಲೆ ಬರೆದದ್ದು. ಸುಮ್ಮನೆ ಅಚ್ಚಿಗೆ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಮಂದಿ ಓದಿ ಮರೆತೂ ಆಗುತ್ತಿತ್ತು. ಆದರೆ ಕಲಿತೇ ಬರೆಯಬೇಕು ಎಂಬ ಹಟ. ಕಲಿಸುವವರಿಗೇನು ಬರವೇ? ಮೊದಲ ಕಮ್ಮಟದಲ್ಲಿ ಒಬ್ಬ ಸಂಪನ್ಮೂಲ ವ್ಯಕ್ತಿ ಹತ್ತು ಪುಟ ತಿರುವಿ, “ವಿವರ ಜಾಸ್ತಿಯಾಯ್ತು” ಎಂದರು. ಇವರು ಮನೆಗೆ ಹೋಗಿ ಪಲ್ಪ್ ಬೇಯಿಸುವ ಅಧ್ಯಾಯವನ್ನೇ ತೆಗೆದರು. ಮುಂದಿನ ವರ್ಷ ಬಂದವರು, “ಇಷ್ಟು ವರ್ಷ ಕಾರ್ಖಾನೆಯಲ್ಲಿದ್ದೀರಿ, ಆ ವಿವರವೇ ಇಲ್ಲವಲ್ರೀ!” ಎಂದರು. ಪಲ್ಪ್ ಮತ್ತೆ ಬೆಂದಿತು. ಮೂರನೆಯವರು ನಾಯಕಿ ಸರೋಜ ಬದುಕಿರುವುದು ಸುಳ್ಳು, ಬದುಕು ಹಾಗಿರುವುದಿಲ್ಲ ಎಂದು ಅಭಿಪ್ರಾಯಪಟ್ಟರು. ಅದೇ ರಾತ್ರಿ ಸರೋಜ ಭದ್ರಾ ನಾಲೆಗೆ ಬಿದ್ದಳು. ಅದಾದ ಮೇಲಿನ ಶಿಬಿರಕ್ಕೆ ಬಂದ ಲೇಖಕಿಯೊಬ್ಬರು, “ಕನ್ನಡದ ಗಂಡಸರ ಕಾದಂಬರಿಯಲ್ಲಿ ಹೆಂಗಸರು ಯಾಕೆ ಸಾರ್ ಸದಾ ನೀರಿಗೇ ಬೀಳ್ತಾರೆ?” ಎಂದು ಕೇಳಿದರು. ಸರೋಜ ಎದ್ದು ಬಂದು ಟೈಲರಿಂಗ್ ಅಂಗಡಿ ಇಟ್ಟಳು.

ಭಾಷೆಯದ್ದು ಇನ್ನೊಂದು ಕಥೆ. ಸ್ಥಳೀಯ ಭಾಷೆಯಲ್ಲಿ ಬರೆಯಿರಿ ಎಂಬ ಉಪದೇಶ ಸಿಕ್ಕಿತು. ಭದ್ರಾವತಿಯ ಸ್ಥಳೀಯ ಭಾಷೆ ಎಂದರೆ ಯಾವುದು? ಕಾರ್ಖಾನೆಗೆಂದು ಎಲ್ಲೆಲ್ಲಿಂದಲೋ ಬಂದ ಜನರ ಊರು ಅದು. ಒಂದೇ ಕ್ಯಾಂಟೀನ್ ಬೆಂಚಿನ ಮೇಲೆ ತಮಿಳಿನಲ್ಲಿ ಬೈದು, ಉರ್ದುವಿನಲ್ಲಿ ನಕ್ಕು, ತೆಲುಗಿನಲ್ಲಿ ಸಾಲ ಕೇಳಿ, ಕನ್ನಡದಲ್ಲಿ ರಾಜಿಯಾಗುತ್ತಾರೆ. ಇವರು ಹಾಗೇ ಬರೆದರು. ನನ್ನ ಮಟ್ಟಿಗೆ ಅದೇ ಆ ಹಸ್ತಪ್ರತಿಯ ಅತ್ಯುತ್ತಮ ಅವತಾರವಾಗಿತ್ತು. ಕ್ಯಾಂಟೀನಿನ ಆ ಅಧ್ಯಾಯವನ್ನು ಅವರು ಊಟದ ಬಿಡುವಿನಲ್ಲಿ ಓದಿ ಹೇಳಿದಾಗ ಬಡಿಸುವವರು ಸಾರಿನ ಬಕೆಟ್ಟು ಹಿಡಿದುಕೊಂಡೇ ನಿಂತುಬಿಟ್ಟಿದ್ದರು. ಆದರೆ ಮುಂದಿನ ಕಮ್ಮಟದಲ್ಲಿ, ಧಾರವಾಡದ ಓದುಗರಿಗೆ ಇದು ಅರ್ಥವಾದೀತೇ ಎಂಬ ಅನುಮಾನ ಕೇಳಿಬಂತು. ಕ್ಯಾಂಟೀನ್ ಬೆಂಚಿನ ಮೇಲೆ ಎಲ್ಲರೂ ಪಠ್ಯಪುಸ್ತಕದ ಕನ್ನಡ ಮಾತಾಡತೊಡಗಿದರು. ಕವಿಯೊಬ್ಬರು ಬಂದು, ಹೇಳದೆ ಬಿಟ್ಟದ್ದೇ ನಿಜವಾದ ಸಾಹಿತ್ಯ ಎಂದ ದಿನವಂತೂ ಹತ್ತು ಅಧ್ಯಾಯಗಳು ಒಟ್ಟಿಗೆ ಹೋದವು.

ಅವರ ಟಿಪ್ಪಣಿ ಪುಸ್ತಕಗಳನ್ನು ನಾನು ನೋಡಿದ್ದೇನೆ. ಭಾಷಣಕಾರರು ಹೇಳಿದ್ದೆಲ್ಲ ಅದರಲ್ಲಿದೆ, “ವೇದಿಕೆಯ ಮೇಲಿರುವ ಗಣ್ಯರೇ” ಎಂಬುದೂ ಸೇರಿ. ತಂತ್ರಕ್ಕೆ ನೀಲಿ ಶಾಯಿ, ಪ್ರಕಟಣೆಗೆ ಕೆಂಪು, ಯಾರು ಯಾರನ್ನು ಬೈದರು ಎಂಬುದಕ್ಕೆ ಹಸಿರು. ಹಸಿರು ಬೇಗ ಖರ್ಚಾಗುತ್ತದಂತೆ.

ಕರ್ನಾಟಕ ಸಂಘದ ವಿಷಯಕ್ಕೆ ಬಂದರೆ ಅವರ ದನಿ ತಗ್ಗುತ್ತದೆ. 1930ರಲ್ಲಿ ಶುರುವಾದ ಶಿವಮೊಗ್ಗದ ಈ ಸಂಘ ಪ್ರತಿವರ್ಷ ಪುಸ್ತಕ ಬಹುಮಾನ ಕೊಡುತ್ತದೆ. ಕಾದಂಬರಿಗೆ ಕುವೆಂಪು ಹೆಸರಿನದು, ಸಣ್ಣಕಥೆಗೆ ಅನಂತಮೂರ್ತಿ ಹೆಸರಿನದು, ಕವನಕ್ಕೆ ಶಿವರುದ್ರಪ್ಪನವರದು, ನಾಟಕಕ್ಕೆ ಕೆ.ವಿ. ಸುಬ್ಬಣ್ಣನವರದು, ಅಂಕಣಕ್ಕೆ ಹಾ.ಮಾ. ನಾಯಕರದು, ಮಹಿಳೆಯರಿಗೆ ಎಂ.ಕೆ. ಇಂದಿರಾ ಅವರದು. ಬೇರೆ ಜಿಲ್ಲೆಯವರು ಇಷ್ಟು ಬಹುಮಾನಕ್ಕೆ ಹೆಸರು ಹುಡುಕಲು ಪಕ್ಕದ ಜಿಲ್ಲೆಗೆ ಹೋಗಬೇಕಾದೀತು, ನಮ್ಮಲ್ಲಿ ಹೆಸರಿಗೆ ಕೊರತೆಯಿಲ್ಲ. ಯಾವ ವಿಭಾಗಕ್ಕೆ ಕಳಿಸಿದರೆ ಪೈಪೋಟಿ ಕಡಿಮೆ ಎಂದು ನಮ್ಮ ಶಿಬಿರಾರ್ಥಿಗಳು ಒಂದು ವರ್ಷ ಲೆಕ್ಕ ಹಾಕಿದರು. ಸಂಭಾಷಣೆ ಹೆಚ್ಚಿರುವುದರಿಂದ ನಾಟಕ ಎನ್ನಬಹುದೇ, ನಾಯಕ ಒಮ್ಮೆ ಶಂಕರಘಟ್ಟದವರೆಗೆ ಹೋಗಿ ಬರುವುದರಿಂದ ಪ್ರವಾಸ ಸಾಹಿತ್ಯಕ್ಕೂ ಹೊಂದುತ್ತದೆಯೇ ಎಂದು ನನ್ನನ್ನೇ ಕೇಳಿದ್ದರು. ಅವರ ಮನೆಯಾಕೆ ಒಳಗಿನಿಂದಲೇ ಹೇಳಿದರು: “ರೀ, ಬಹುಮಾನ ಆಮೇಲೆ. ಮೊದಲು ಅಟ್ಟದ ಮೇಲಿನ ಆ ಪೇಪರ್ ಕಟ್ಟು ಇಳಿಸಿ, ಗೆದ್ದಲು ಹತ್ತೀತು.” ಪುಸ್ತಕ ಅಚ್ಚಾದ ಮೇಲಲ್ಲವೇ ಬಹುಮಾನ? ಆ ಮಾತನ್ನು ಆಕೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇತ್ತೀಚೆಗೆ ಶಿವಮೊಗ್ಗದಲ್ಲೇ ನಡೆದ ಒಂದು ಶಿಬಿರದಲ್ಲಿ ಮಧ್ಯಾಹ್ನದ ಗೋಷ್ಠಿ ‘ಪುಸ್ತಕ ಪ್ರಕಾಶನ: ಸವಾಲುಗಳು ಮತ್ತು ಸಾಧ್ಯತೆಗಳು’. ಊಟಕ್ಕೆ ಹೋಳಿಗೆ ಇತ್ತು, ಆದ್ದರಿಂದ ಸಭೆಯಲ್ಲಿ ಸಾಧ್ಯತೆ ಹೆಚ್ಚಿಗೆ ಉಳಿದಿರಲಿಲ್ಲ. ಬೆಂಗಳೂರಿನಿಂದ ಬಂದ ಪ್ರಕಾಶಕರು ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ ಕಥೆಯಿಂದ ಆರಂಭಿಸಿದರು. ಕನ್ನಡದಲ್ಲಿ ಪ್ರಕಾಶನದ ಬಗ್ಗೆ ಮಾತಾಡುವವರೆಲ್ಲ ಅಲ್ಲಿಂದಲೇ ಆರಂಭಿಸುತ್ತಾರೆ, ಪಾಪ ಗಳಗನಾಥರಿಗೆ ಇಂದಿಗೂ ಗಂಟು ಇಳಿಸಲು ಬಿಟ್ಟಿಲ್ಲ. ಆಮೇಲೆ ನೇರ ವ್ಯವಹಾರಕ್ಕೆ ಬಂದರು. ಹಿಂದೆ ಕಣ್ಣು ಮುಚ್ಚಿ 1000 ಪ್ರತಿ ಹಾಕುತ್ತಿದ್ದೆವು, ಈಗ 300 ಹಾಕಲೂ ಯೋಚಿಸುತ್ತೇವೆ. ನೂರು ರೂಪಾಯಿ ಪುಸ್ತಕದಲ್ಲಿ ಅಂಗಡಿಯವರ ಕಮಿಷನ್ನೇ ಮೂವತ್ತು ನಲವತ್ತು ಹೋಗುತ್ತದೆ, ಲೇಖಕರಿಗೆ ಹತ್ತು, ಉಳಿದದ್ದರಲ್ಲಿ ಕಾಗದ, ಅಚ್ಚು, ಬೈಂಡಿಂಗು, ಗೋಡೌನ್ ಬಾಡಿಗೆ ಮತ್ತು ನಾವು. ಗ್ರಂಥಾಲಯ ಇಲಾಖೆ ಕೊಂಡರೆ ಬದುಕು, ಅದರ ಬಿಲ್ಲು ಬರುವಷ್ಟರಲ್ಲಿ ಮುಂದಿನ ಪುಸ್ತಕದ ಸಾಲ. ಐಎಸ್‌ಬಿಎನ್ ಸಂಖ್ಯೆಗೆ ಸರ್ಕಾರ ದುಡ್ಡು ಕೇಳುವುದಿಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ ಎಂದೂ ಹೇಳಿದರು. ಇಡೀ ದಿನದಲ್ಲಿ ನನಗೆ ಉಪಯೋಗಕ್ಕೆ ಬಂದ ಮಾತು ಅದೊಂದೇ. ಹೊಸಬರ ಮೊದಲ ಪುಸ್ತಕಕ್ಕೆ ಪುಸ್ತಕ ಪ್ರಾಧಿಕಾರ ಸಹಾಯಧನ ಕೊಡುತ್ತದೆ ಎಂದಾಗ ನಮ್ಮವರ ಕೆಂಪು ಪೆನ್ನು ಚುರುಕಾಯಿತು. ಅದು ಯುವ ಬರಹಗಾರರಿಗೆ, ವಯಸ್ಸಿನ ಮಿತಿ ಇದೆ ಎಂದಾಗ ಪೆನ್ನು ನಿಂತು, ಒಂದು ಕ್ಷಣ ಬಿಟ್ಟು ಹಸಿರಾಯಿತು.

ಸಂವಾದಕ್ಕೆ ಮೈಕು ಬಂತು. “ನಾನು ಪ್ರಶ್ನೆ ಕೇಳ್ತಿಲ್ಲ ಸಾರ್, ಒಂದು ಅನಿಸಿಕೆ” ಎಂದು ಅವರು ಎದ್ದಾಗ ಸಭೆಯಲ್ಲಿ ಅರ್ಧ ಜನ ಕಾಫಿಗೆ ಎದ್ದರು. ಇದಾದ ಮೇಲೆ ನಡೆದದ್ದನ್ನು ಕೂತಿದ್ದವರು ಮರೆಯುವುದಿಲ್ಲ. “160 ಪುಟಕ್ಕೆ ಇಷ್ಟು ಕಾಗದದ ಖರ್ಚು ಅಂದ್ರಿ. ನೋಡಿ, ಡೆಮಿ 1/8 ಅಂದ್ರೆ ಒಂದು ಶೀಟಿಗೆ 16 ಪುಟ. 160 ಪುಟ ಅಂದ್ರೆ 10 ಫಾರಂ. 1000 ಪ್ರತಿಗೆ 10,000 ಶೀಟು, ಅಂದ್ರೆ 20 ರೀಮು. 70 ಜಿಎಸ್‌ಎಂ ಡೆಮಿ ರೀಮು 9 ಕೆ.ಜಿ. ಚಿಲ್ಲರೆ ತೂಗುತ್ತೆ. ಎಲ್ಲಾ ಸೇರಿ 190 ಕೆ.ಜಿ. ದಾಟಲ್ಲ, ವೇಸ್ಟೇಜ್ ಬೇರೆ. ನೀವು ಹೇಳಿದ ದುಡ್ಡಿಗೆ ನಿಮ್ಮ ಕಾಗದದೋನು ನಿಮಗೆ ಟೋಪಿ ಹಾಕ್ತಿದಾನೆ ಸಾರ್.” ಕಾಗದ ಇಲ್ಲದೆ, ಪೆನ್ಸಿಲ್ ಇಲ್ಲದೆ ಹೇಳಿದ ಲೆಕ್ಕ. ಪ್ರಕಾಶಕರು ಮೊಬೈಲು ತೆಗೆದು ಕೂಡಿ ಗುಣಿಸಿ ನೋಡಿದರು. ಆಮೇಲೆ ವೇದಿಕೆಯಿಂದ ಇಳಿದು ಬಂದು ಇವರ ಪಕ್ಕ ಕೂತರು. ನಮ್ಮಲ್ಲಿ ಪ್ರಕಾಶಕರು ವೇದಿಕೆಯಿಂದ ಇಳಿದು ಲೇಖಕನ ಬಳಿ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು.

ಕಾಫಿ ಹೊತ್ತಿಗೆ ವಿಷಯ ಹಸ್ತಪ್ರತಿಗೆ ತಿರುಗಿತು. ಪ್ರಕಾಶಕರು ಅಲ್ಲೇ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಮೂವತ್ತು ಪುಟ ಓದಿದರು. ಅದೃಷ್ಟಕ್ಕೆ ಕ್ಯಾಂಟೀನ್ ಅಧ್ಯಾಯದ ಹಳೆಯ ಪ್ರತಿಯೂ ಕವರಿನೊಳಗಿತ್ತು. “ಇದು ಹಾಗೇ ಇರ್ಲಿ ಸಾರ್, ಯಾರ ಮಾತೂ ಕೇಳ್ಬೇಡಿ. ಮಾಡೋಣ. 300 ಪ್ರತಿ ನನ್ನ ಖರ್ಚಲ್ಲೇ ಹಾಕ್ತೀನಿ” ಎಂದರು. ಸುತ್ತ ನಿಂತಿದ್ದ ನಾವೆಲ್ಲ ಚಪ್ಪಾಳೆ ಹೊಡೆದೆವು. ಬಜ್ಜಿ ಕರಿಯುತ್ತಿದ್ದವರೂ ಜಾಲರಿ ಎತ್ತಿ ಹಿಡಿದರು. ಮನುಷ್ಯನಿಗೆ ಕಣ್ಣಲ್ಲಿ ನೀರು ಬರಬೇಕಿತ್ತು. ಇವರು ಕನ್ನಡಕ ಒರೆಸಿಕೊಂಡು, “ಕಾಗದ ಯಾವುದು ಹಾಕ್ತೀರಿ?” ಎಂದು ಕೇಳಿದರು.

“ಈಗ ಹೆಚ್ಚಿನದು ತಮಿಳುನಾಡಿಂದ ಬರುತ್ತೆ ಸಾರ್, ಕರೂರು ಕಡೆಯದು. ಚೆನ್ನಾಗಿರುತ್ತೆ.”

“ಕರೂರು ಅಂದ್ರೆ ಕಾವೇರಿ ದಂಡೆ ಅಲ್ವಾ?”

“ಹೌದು.”

“ನಮ್ಮ ನೀರು ಅಲ್ಲಿಗೆ ಹೋಗಿ, ಅವರ ಕಾಗದ ಆಗಿ, ಅದರ ಮೇಲೆ ನಮ್ಮ ಎಂಪಿಎಂ ಕಥೆ ಅಚ್ಚಾಗ್ಬೇಕಾ?” ಎಂದು ಎದ್ದುಬಿಟ್ಟರು. ತಮಿಳರ ಮೇಲೆ ಅವರಿಗೇನೂ ಸಿಟ್ಟಿಲ್ಲ. ಪಕ್ಕದ ಮನೆಯ ತಮಿಳರ ಮದುವೆಗೆ ನಿಂತು ಬಡಿಸಿದವರು. ಆದರೆ ಕಾಗದದ ವಿಷಯ ಬೇರೆ. ಎಂಪಿಎಂ ಕಾದಂಬರಿ ಎಂಪಿಎಂ ಹಾಳೆಯ ಮೇಲೆಯೇ ಬರಬೇಕು, ಇಲ್ಲದಿದ್ದರೆ ಬೇಡ. ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾಯಿತಲ್ಲ ಎಂದರೆ, “ಕಾರ್ಖಾನೆ ಮುಚ್ಚಿದೆ, ಕಾಗದ ಎಲ್ಲೋ ಇರುತ್ತೆ” ಎನ್ನುತ್ತಾರೆ. ಪ್ರಕಾಶಕರು ನನ್ನ ಮುಖ ನೋಡಿದರು. ನಾನು ಬಜ್ಜಿ ತಟ್ಟೆ ನೋಡಿದೆ. ಕೊನೆಗೆ ಆ ಪುಣ್ಯಾತ್ಮರು, “ಆಯ್ತು ಸಾರ್, ಕಾಗದ ನೀವು ಹುಡುಕಿ ಕೊಡಿ, ಅಚ್ಚು ನಾನು ಹಾಕ್ತೀನಿ” ಎಂದು ರೈಲು ಹಿಡಿಯಲು ಹೋದರು.

ಅಂದಿನಿಂದ ನಮ್ಮವರು ಕಮ್ಮಟಗಳಿಗೆ ಬರುವುದು ಕಡಿಮೆಯಾಗಿದೆ. ಸಂಘಟಕರಿಗೆ ಚಿಂತೆ, ನೋಂದಣಿ ಮೇಜು ಕಾಯಲು ಜನವಿಲ್ಲ. ಗಾಂಧಿ ಬಜಾರಿನ ಹಳೆಯ ಸ್ಟೇಷನರಿ ಅಂಗಡಿಗಳಲ್ಲಿ, ಬಾಗಿಲು ಹಾಕಿದ ಮೊಳೆಯಚ್ಚಿನ ಪ್ರೆಸ್ಸುಗಳ ಅಟ್ಟದಲ್ಲಿ, ರದ್ದಿ ವ್ಯಾಪಾರಿಗಳ ಗೋಡೌನಿನಲ್ಲಿ ಅವರು ಹುಡುಕುತ್ತಿದ್ದಾರೆ. ರಂಗಪ್ಪ ಸರ್ಕಲ್ ಕಡೆಯ ಒಂದು ಮುಚ್ಚಿದ ಪ್ರೆಸ್ಸಿನಲ್ಲಿ ನಾಲ್ಕು ರೀಮು ಸಿಕ್ಕಿದೆ. ಅಂಚು ಹಳದಿಯಾಗಿದೆ, ಒಂದರಲ್ಲಿ ಇಲಿ ಮೂಲೆ ಕಚ್ಚಿದೆ, ಆದರೆ ಉಜ್ಜಿ ನೋಡಿದ್ದಾರೆ, ತಮ್ಮ ಸೆಕ್ಷನ್ನಿನದ್ದೇ ಅಂತೆ.

ನಾಲ್ಕು ರೀಮು ಎಂದರೆ 2000 ಶೀಟು. 300 ಪ್ರತಿಗೆ ಭಾಗಿಸಿದರೆ ಆರು ಫಾರಂ ಬಂದು 200 ಶೀಟು ಉಳಿಯುತ್ತದೆ, ಅದು ಇಲಿಯ ಪಾಲು ಮತ್ತು ವೇಸ್ಟೇಜು. ಆರು ಫಾರಂ ಎಂದರೆ 96 ಪುಟ. ಇಷ್ಟು ವರ್ಷ ಇಷ್ಟು ಸಂಪನ್ಮೂಲ ವ್ಯಕ್ತಿಗಳು ಸೇರಿ ಮಾಡಲಾಗದ ಸಂಕ್ಷೇಪಣೆ ಒಂದು ತಿಂಗಳಲ್ಲಿ ಆಯಿತು. ಉಪದೇಶಗಳೆಲ್ಲ ಹಾರಿಹೋದವು, ಪಲ್ಪು ಮತ್ತು ಕ್ಯಾಂಟೀನು ಉಳಿದವು. ನಾನು ಓದಿದೆ. ಚೆನ್ನಾಗಿದೆ. ನಿಜವಾಗಿಯೂ ಚೆನ್ನಾಗಿದೆ. ಒಂದೇ ತೊಂದರೆ ಎಂದರೆ ಟೈಲರಿಂಗ್ ಅಂಗಡಿಗೆ ಪುಟ ಸಾಲದೆ ಸರೋಜ ಪುನಃ ಭದ್ರಾ ನಾಲೆಗೆ ಬಿದ್ದಿದ್ದಾಳೆ.

ನಿನ್ನೆ ರಾತ್ರಿ ಹತ್ತು ಗಂಟೆಗೆ ಅವರ ಫೋನು. “ಮೇಷ್ಟ್ರೇ, ಮಲಗಿದ್ರಾ? ನಿಮ್ಮ ಕಾಲೇಜಲ್ಲಿ ಹಿಂದೆ ಉತ್ತರ ಪತ್ರಿಕೆ ಹೊಲಿಸೋಕೆ ನಮ್ಮ ಡೆಮಿ ರೀಮು ತರಿಸ್ತಿದ್ರಲ್ಲ, ಸ್ಟೋರ್ ರೂಮಲ್ಲಿ ಒಂದಾದ್ರೂ ಇದ್ಯೇನೋ ಸ್ವಲ್ಪ ನೋಡ್ಸಿ. ಒಂದು ರೀಮು ಸಿಕ್ರೆ 16 ಪುಟ ಆಗುತ್ತೆ, ಹುಡುಗಿನ ಉಳಿಸ್ಕೋಬಹುದು.”